ಹೊಸ ಎಸ್‌ಎಸ್‌ಡಿ ಹಾಕಿದ್ರೂ ಲ್ಯಾಪ್‌ಟಾಪ್‌ನಲ್ಲಿ ಕಾಣಿಸ್ತಿಲ್ವಾ? ಮೊದಲು ಎಲ್ಲಿ ಕಾಣಿಸ್ತಿಲ್ಲ ಅಂತ ನೋಡಿ

ಹೊಸ ಎಸ್‌ಎಸ್‌ಡಿ ತಂದು, ಲ್ಯಾಪ್‌ಟಾಪ್ ಹಿಂದಿನ ಮುಚ್ಚಳ ಬಿಚ್ಚಿ, ಜೋಪಾನವಾಗಿ ಕೂರಿಸಿ ಆನ್ ಮಾಡಿದ್ರೆ ಡ್ರೈವ್ ಎಲ್ಲೂ ಕಾಣಿಸಲ್ಲ. ಆಗ ಹೆಚ್ಚಿನವರಿಗೆ ಮೊದಲು ಬರೋ ಯೋಚನೆ, ಮಾಲೇ ಸರಿ ಇಲ್ಲ, ವಾಪಸ್ ಕಳಿಸ್ಬಿಡೋಣ ಅಂತ. ಸ್ವಲ್ಪ ತಡೀರಿ. ಡ್ರೈವ್ ನಿಜವಾಗ್ಲೂ ಸತ್ತಿರೋ ಸಾಧ್ಯತೆ ಇದೆ, ಇಲ್ಲ ಅನ್ನಲ್ಲ, ಆದ್ರೆ ಆ ತೀರ್ಮಾನಕ್ಕೆ ಬರೋಕೆ ಮುಂಚೆ ನೋಡ್ಬೇಕಾದ್ದು ಸಾಕಷ್ಟಿದೆ, ಮತ್ತೆ ಅದ್ರಲ್ಲಿ ಅರ್ಧಕ್ಕೂ ಹೆಚ್ಚು ಕೆಲಸಕ್ಕೆ ಸ್ಕ್ರೂಡ್ರೈವರ್ ಕೂಡ ಬೇಕಾಗಲ್ಲ.

ಇಲ್ಲಿ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಒಂದೇ: ಡ್ರೈವ್ ಎಲ್ಲಿ ಕಾಣಿಸ್ತಿಲ್ಲ? ವಿಂಡೋಸ್‌ನ ದಿಸ್ ಪಿಸಿ ಒಳಗಾ, ವಿಂಡೋಸ್ ಇನ್‌ಸ್ಟಾಲ್ ಮಾಡೋವಾಗ ಬರೋ ಡ್ರೈವ್ ಪಟ್ಟಿಯಲ್ಲಾ, ಅಥವಾ ಬಯಾಸ್‌ನಲ್ಲೇನಾ (ವಿಂಡೋಸ್‌ಗೂ ಮುಂಚೆ ಓಡೋ, ಲ್ಯಾಪ್‌ಟಾಪ್‌ನ ಮೂಲ ಸೆಟ್ಟಿಂಗ್‌ಗಳಿರೋ ಸಾಫ್ಟ್‌ವೇರ್)? ಬಯಾಸ್‌ನಲ್ಲೇ ಇಲ್ಲ ಅಂದ್ರೆ ಹಾರ್ಡ್‌ವೇರ್ ಕಡೆ ನೋಡ್ಬೇಕು. ಬಯಾಸ್‌ನಲ್ಲಿದೆ, ಇನ್‌ಸ್ಟಾಲರ್‌ನಲ್ಲಿಲ್ಲ ಅಂದ್ರೆ ಬಹುಪಾಲು ಡ್ರೈವರ್ ಅಥವಾ ಸ್ಟೋರೇಜ್ ಮೋಡ್ ಸಮಸ್ಯೆ. ಎರಡೂ ಕಡೆ ಇದ್ದು ದಿಸ್ ಪಿಸಿಯಲ್ಲಿ ಮಾತ್ರ ಇಲ್ಲ ಅಂದ್ರೆ ಐದು ನಿಮಿಷದ ಕೆಲಸ. ಇದನ್ನ ಗೊತ್ತು ಮಾಡ್ಕೊಳ್ದೆ ಕಂಡ ಕಂಡ ಸೆಟ್ಟಿಂಗ್ ಎಲ್ಲಾ ಬದಲಾಯಿಸ್ತಾ ಹೋದ್ರೆ ಚೆನ್ನಾಗಿ ಓಡ್ತಿದ್ದ ಹಳೆ ವಿಂಡೋಸ್ ಕೂಡ ನಿಂತುಹೋಗ್ಬಹುದು, ಅದಕ್ಕೇ ಸುಲಭದ್ದರಿಂದ ಶುರು ಮಾಡಿ ಒಂದೊಂದಾಗಿ ಒಳಗೆ ಹೋಗೋಣ.

ವಿಂಡೋಸ್ ಓಡ್ತಿದೆ, ಹೊಸ ಡ್ರೈವ್ ಮಾತ್ರ ಇಲ್ಲ

ಹಳೆ ಡ್ರೈವ್‌ನಿಂದ ವಿಂಡೋಸ್ ಬೂಟ್ ಆಗ್ತಿದೆ, ಎರಡನೇದಾಗಿ ಹೊಸ ಎಸ್‌ಎಸ್‌ಡಿ ಹಾಕಿದೀರಿ ಅಂತಿಟ್ಕೊಳ್ಳಿ. ಮೊದಲು ಒಂದು ಸಲ ರೀಸ್ಟಾರ್ಟ್ ಕೊಡಿ, ಶಟ್‌ಡೌನ್ ಅಲ್ಲ. ವಿಂಡೋಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಆನ್ ಇದ್ರೆ ಶಟ್‌ಡೌನ್ ಮಾಡಿದಾಗ ಅದು ಪೂರ್ತಿ ಆಫ್ ಆಗಿರಲ್ಲ, ಸಿಸ್ಟಂನ ಒಂದಿಷ್ಟು ಸ್ಥಿತಿಯನ್ನ ಡಿಸ್ಕ್‌ಗೆ ಬರೆದಿಟ್ಟು ಮತ್ತೆ ಅದನ್ನೇ ಎತ್ಕೊಳ್ಳುತ್ತೆ. ರೀಸ್ಟಾರ್ಟ್ ಮಾಡಿದ್ರೆ ಎಲ್ಲಾ ಹಾರ್ಡ್‌ವೇರ್ ಹೊಸದಾಗಿ ಹುಡುಕುತ್ತೆ.

ಆಮೇಲೆ ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆಗೀರಿ. ದಿಸ್ ಪಿಸಿಯಲ್ಲಿ ಕಾಣೋದು ಫಾರ್ಮ್ಯಾಟ್ ಆಗಿ, ಅಕ್ಷರ ಸಿಕ್ಕಿರೋ ಪಾರ್ಟಿಷನ್‌ಗಳು ಮಾತ್ರ. ಹೊಸ ಎಸ್‌ಎಸ್‌ಡಿ ಸಾಮಾನ್ಯವಾಗಿ ಪೂರ್ತಿ ಖಾಲಿ ಬರುತ್ತೆ, ಗಡಿಕಲ್ಲು ನೆಡದ ಜಮೀನಿದ್ದಂಗೆ, ಜಾಗ ಇದೆ ಆದ್ರೆ ಯಾರಿಗೂ ಹಂಚಿಲ್ಲ. ಹಾಗಾಗಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆಗೆದ ತಕ್ಷಣ ಇನಿಶಿಯಲೈಸ್ ಡಿಸ್ಕ್ ಅಂತ ಒಂದು ಕಿಟಕಿ ಬಂದ್ರೆ ಖುಷಿ ಪಡಿ, ಡ್ರೈವ್ ಸರಿಯಾಗಿದೆ. ಅಲ್ಲಿ ಎಂಬಿಆರ್, ಜಿಪಿಟಿ ಅಂತ ಎರಡು ಆಯ್ಕೆ ಇರುತ್ತೆ, ಎರಡೂ ಡಿಸ್ಕ್‌ನ ಜಾಗ ಹಂಚಿದ ಲೆಕ್ಕ ಬರೆದಿಡೋ ಪದ್ಧತಿಗಳು, ಜಿಪಿಟಿನೇ ತಗೊಳ್ಳಿ. ಎಂಬಿಆರ್ ಹಳೇ ಪದ್ಧತಿ, ಅದ್ರಲ್ಲಿ ಸುಮಾರು 2 ಟಿಬಿಗಿಂತ ಆಚೆಗಿನ ಜಾಗ ಬಳಸೋಕಾಗಲ್ಲ, ಮುಂದೆ ಆ ಡ್ರೈವ್‌ಗೆ ವಿಂಡೋಸ್ ಹಾಕ್ಬೇಕು ಅನ್ಸಿದ್ರೂ ಯುಇಎಫ್‌ಐ (ಈಗಿನ ಹೊಸ ಬಗೆಯ ಬಯಾಸ್) ಮೋಡ್‌ನಲ್ಲಿ ಜಿಪಿಟಿನೇ ಕೇಳುತ್ತೆ.

ಇನಿಶಿಯಲೈಸ್ ಆದ್ಮೇಲೆ ಕೆಳಗೆ ಕಪ್ಪು ಪಟ್ಟಿಯ ಅಡಿಯಲ್ಲಿ ಅನ್‌ಅಲೊಕೇಟೆಡ್ ಅಂತ ಕಾಣುತ್ತೆ. ಅದರ ಮೇಲೆ ರೈಟ್ ಕ್ಲಿಕ್ ಮಾಡಿ ನ್ಯೂ ಸಿಂಪಲ್ ವಾಲ್ಯೂಮ್ ಕೊಟ್ಟು, ಎನ್‌ಟಿಎಫ್‌ಎಸ್ ಇಟ್ಟು, ಒಂದು ಅಕ್ಷರ ಆರಿಸಿ ಮುಗಿಸಿ. ಅಷ್ಟೇ. 1 ಟಿಬಿ ಡ್ರೈವ್ 931 ಜಿಬಿ ಅಂತ ತೋರಿಸಿದ್ರೆ ಮೋಸ ಆಯ್ತು ಅಂದ್ಕೋಬೇಡಿ, ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತೆ. 500 ಜಿಬಿ ಆಗಿದ್ರೆ 465ರ ಆಸುಪಾಸು ಬರುತ್ತೆ.

ಡಿಸ್ಕ್ ಇದೆ ಆದ್ರೆ ಆಫ್‌ಲೈನ್ ಅಂತ ಬರೆದಿದ್ರೆ, ಎಡಗಡೆ ಡಿಸ್ಕ್ ಹೆಸರಿರೋ ಜಾಗದಲ್ಲಿ ರೈಟ್ ಕ್ಲಿಕ್ ಮಾಡಿ ಆನ್‌ಲೈನ್ ಕೊಡಿ. ಹಳೆ ಡ್ರೈವನ್ನ ಹೊಸದಕ್ಕೆ ಕ್ಲೋನ್ ಮಾಡಿ (ಅಂದ್ರೆ ಇದ್ದಂಗೇ ನಕಲು ಮಾಡಿ) ಎರಡನ್ನೂ ಒಟ್ಟಿಗೆ ಹಾಕಿದಾಗ ಹೀಗಾಗುತ್ತೆ, ಎರಡರ ಗುರುತಿನ ಸಂಖ್ಯೆ ಒಂದೇ ಆಗಿರೋದ್ರಿಂದ ವಿಂಡೋಸ್ ಒಂದನ್ನ ಪಕ್ಕಕ್ಕೆ ಇಟ್ಬಿಡುತ್ತೆ. ಇನ್ನು ಪಾರ್ಟಿಷನ್ ಎಲ್ಲಾ ಚೆನ್ನಾಗಿದೆ, ಅಕ್ಷರ ಮಾತ್ರ ಇಲ್ಲ ಅಂದ್ರೆ ರೈಟ್ ಕ್ಲಿಕ್ ಮಾಡಿ ಡ್ರೈವ್ ಲೆಟರ್ ಬದಲಾಯಿಸೋ ಆಯ್ಕೆಯಲ್ಲಿ ಒಂದು ಅಕ್ಷರ ಸೇರಿಸಿ.

ಒಂದು ಎಚ್ಚರಿಕೆ ಇಲ್ಲೇ ಹೇಳ್ಬಿಡ್ತೀನಿ. ಮೇಲೆ ಹೇಳಿದ್ದು ಹೊಸ, ಖಾಲಿ ಡ್ರೈವ್‌ಗೆ ಮಾತ್ರ. ಬೇರೆ ಮಷಿನ್‌ನಲ್ಲಿ ಬಳಸಿದ, ಒಳಗೆ ಡೇಟಾ ಇರೋ ಡ್ರೈವ್ ಹಾಕಿ ಅದು ಇನಿಶಿಯಲೈಸ್ ಮಾಡ್ಲಾ, ಫಾರ್ಮ್ಯಾಟ್ ಮಾಡ್ಲಾ ಅಂತ ಕೇಳಿದ್ರೆ ಕ್ಯಾನ್ಸಲ್ ಒತ್ತಿ. ಯಾವ ಕಾರಣಕ್ಕೂ ಹೂಂ ಅನ್ಬೇಡಿ. ಮೊದಲು ಡೇಟಾ ಹೊರಗೆ ತೆಗೆಯೋ ದಾರಿ ನೋಡಿ.

ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲೂ ಇಲ್ಲ: ಈಗ ಬಯಾಸ್ ನೋಡಿ

ಬಯಾಸ್‌ಗೆ ಹೋಗೋಕೆ ಆನ್ ಮಾಡಿದ ಕೂಡ್ಲೇ ಕೀ ಒತ್ತಬೇಕು. ಡೆಲ್, ಏಸರ್, ಆಸುಸ್ ಮತ್ತು ಲೆನೊವೊದ ಬಹಳಷ್ಟು ಮಾಡೆಲ್‌ಗಳಲ್ಲಿ ಎಫ್2, ಎಚ್‌ಪಿಯಲ್ಲಿ ಎಫ್10, ಥಿಂಕ್‌ಪ್ಯಾಡ್‌ನಲ್ಲಿ ಎಫ್1, ಎಂಎಸ್‌ಐನಲ್ಲಿ ಡಿಲೀಟ್. ಕೀ ಒತ್ತೋ ಟೈಮಿಂಗ್ ಸಿಗ್ತಿಲ್ಲ ಅಂದ್ರೆ ವಿಂಡೋಸ್ ಒಳಗಿಂದಾನೇ ಹೋಗ್ಬಹುದು: ಶಿಫ್ಟ್ ಹಿಡ್ಕೊಂಡು ರೀಸ್ಟಾರ್ಟ್ ಒತ್ತಿ, ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಯುಇಎಫ್‌ಐ ಫರ್ಮ್‌ವೇರ್ ಸೆಟ್ಟಿಂಗ್ಸ್.

ಒಳಗೆ ಹೋದ್ಮೇಲೆ ತುಂಬಾ ಜನ ನೋಡೋದು ಬೂಟ್ ಪಟ್ಟಿ, ಅಲ್ಲೇ ದಾರಿ ತಪ್ಪೋದು. ಯುಇಎಫ್‌ಐ ಮೋಡ್‌ನಲ್ಲಿ ಬೂಟ್ ಪಟ್ಟಿಯಲ್ಲಿ ಸಾಮಾನ್ಯವಾಗಿ ಬರೋದು ಬೂಟ್‌ಲೋಡರ್ (ವಿಂಡೋಸ್ ಶುರು ಮಾಡೋ ಪುಟ್ಟ ಪ್ರೋಗ್ರಾಂ) ಇರೋ ಡ್ರೈವ್ ಮಾತ್ರ. ಖಾಲಿ ಎಸ್‌ಎಸ್‌ಡಿಯಲ್ಲಿ ಬೂಟ್‌ಲೋಡರ್ ಎಲ್ಲಿಂದ ಬರುತ್ತೆ? ಅದು ಅಲ್ಲಿ ಕಾಣ್ದೆ ಇರೋದೇ ಸಹಜ. ನೀವು ನೋಡ್ಬೇಕಾದ್ದು ಮೇನ್, ಸಿಸ್ಟಂ ಇನ್ಫರ್ಮೇಷನ್ ಅಥವಾ ಸ್ಟೋರೇಜ್ ಅನ್ನೋ ಪುಟ. ಅಲ್ಲಿ ಡ್ರೈವ್‌ನ ಮಾಡೆಲ್ ಹೆಸರೋ ಸೈಜೋ ಇದ್ರೆ ಲ್ಯಾಪ್‌ಟಾಪ್ ಅದನ್ನ ಗುರುತಿಸಿದೆ ಅಂತ ಅರ್ಥ, ಹಾರ್ಡ್‌ವೇರ್ ಬಗ್ಗೆ ತಲೆ ಕೆಡಿಸ್ಕೊಳ್ಳೋದು ಬೇಡ, ನೇರ ಇನ್‌ಸ್ಟಾಲರ್ ಭಾಗಕ್ಕೆ ಹೋಗಿ. ಹೆಸರೇ ಇಲ್ಲ ಅಂದ್ರೆ ಮುಂದಕ್ಕೆ ಓದಿ.

ಬಯಾಸ್‌ನಲ್ಲೇ ಇಲ್ಲ: ತಂದಿರೋ ಡ್ರೈವ್ ಈ ಸ್ಲಾಟ್‌ಗೆ ಹೊಂದುತ್ತಾ?

ಮುಚ್ಚಳ ಬಿಚ್ಚೋಕೆ ಮೊದಲು ಇದನ್ನ ಖಚಿತ ಮಾಡ್ಕೊಳ್ಳಿ, ಯಾಕಂದ್ರೆ ಬಯಾಸ್‌ನಲ್ಲೇ ಡ್ರೈವ್ ಬರದೇ ಇರೋ ಎಷ್ಟೋ ಪ್ರಕರಣದಲ್ಲಿ ತಪ್ಪಾಗಿರೋದು ಇಲ್ಲೇ. ಎಂ.2 ಅನ್ನೋದು ಬರೀ ಆಕಾರ. ಚ್ಯೂಯಿಂಗ್ ಗಮ್ ತರ ಉದ್ದಕ್ಕಿರೋ ಆ ಕಾರ್ಡ್ ಒಳಗೆ ಮಾತಾಡೋ ಭಾಷೆ ಎರಡಿವೆ, ಒಂದು ಸಾಟಾ, ಇನ್ನೊಂದು ಪಿಸಿಐಇ (ಮದರ್‌ಬೋರ್ಡ್‌ನ ವೇಗದ ಡೇಟಾ ದಾರಿ) ಮೇಲೆ ಓಡೋ ಎನ್‌ವಿಎಂಇ. ಸಾಟಾ ಹಳೇದು, 6 ಗಿಗಾಬಿಟ್ ಮಿತಿ, ಅಂದ್ರೆ ಸೆಕೆಂಡಿಗೆ ಹೆಚ್ಚುಕಡಿಮೆ 550 ಎಂಬಿ. ಎನ್‌ವಿಎಂಇ ಮೊದಲ ಸ್ಪೆಸಿಫಿಕೇಷನ್ ಬಂದಿದ್ದು 2011ರಲ್ಲಿ, ಅದು ಇದಕ್ಕಿಂತ ಎಷ್ಟೋ ಪಟ್ಟು ವೇಗ. ಲ್ಯಾಪ್‌ಟಾಪ್‌ನ ಸ್ಲಾಟ್ ಸಾಟಾ ಮಾತ್ರ ಅರ್ಥ ಮಾಡ್ಕೊಳ್ಳೋದಾದ್ರೆ ಎನ್‌ವಿಎಂಇ ಡ್ರೈವ್ ಅಲ್ಲಿ ಎಷ್ಟೇ ಚೆನ್ನಾಗಿ ಕೂತ್ರೂ ಕಾಣಿಸಲ್ಲ, ಹಾಗೇ ಉಲ್ಟಾ ಕೂಡ, ಈಚಿನ ಬಹಳಷ್ಟು ಲ್ಯಾಪ್‌ಟಾಪ್‌ಗಳ ಸ್ಲಾಟ್ ಎನ್‌ವಿಎಂಇಗೆ ಮಾತ್ರ, ಅಲ್ಲಿ ಸಾಟಾ ಎಂ.2 ಹಾಕಿದ್ರೆ ಸರಿಯಾಗಿ ಕೂರುತ್ತೆ, ಸ್ಕ್ರೂನೂ ಬಿಗಿಯಾಗುತ್ತೆ, ಆದ್ರೆ ಕೆಲಸ ಮಾಡಲ್ಲ.

ಕಣ್ಣಲ್ಲೇ ಗುರುತು ಹಿಡಿಯೋಕೆ ಒಂದು ದಾರಿ ಇದೆ. ಡ್ರೈವ್‌ನ ಚಿನ್ನದ ಬಣ್ಣದ ಪಿನ್‌ಗಳ ಸಾಲಿನಲ್ಲಿ ಎರಡು ಕಚ್ಚು ಇದ್ರೆ ಅದು ಬಹುಪಾಲು ಸಾಟಾ, ಒಂದೇ ಕಚ್ಚು ಇದ್ರೆ ಬಹುಪಾಲು ಎನ್‌ವಿಎಂಇ. ಬಹುಪಾಲು ಅಂತ ಯಾಕಂದೆ ಅಂದ್ರೆ ಎರಡು ಲೇನ್‌ನ (ಡೇಟಾ ಓಡಾಡೋ ಸಾಲಿನ) ಕೆಲವು ಎನ್‌ವಿಎಂಇ ಡ್ರೈವ್‌ಗಳಲ್ಲೂ ಎರಡು ಕಚ್ಚು ಇರುತ್ತೆ. ಅದಕ್ಕೆ ಕಚ್ಚು ನೋಡಿ ಅಂದಾಜು ಮಾಡಿ, ಲೇಬಲ್ ಮೇಲಿನ ಮಾಡೆಲ್ ನಂಬರ್ ಓದಿ ಖಚಿತ ಮಾಡಿ. ಬ್ರ್ಯಾಂಡ್ ಹೆಸರು ನಂಬ್ಬೇಡಿ. ವೆಸ್ಟರ್ನ್ ಡಿಜಿಟಲ್‌ನ ಬ್ಲೂ ಅನ್ನೋ ಹೆಸರಲ್ಲೇ ಎಸ್‌ಎ510 ಸಾಟಾ, ಎಸ್‌ಎನ್580 ಎನ್‌ವಿಎಂಇ. ಸ್ಯಾಮ್‌ಸಂಗ್‌ನಲ್ಲಿ 860 ಇವೊ ಎಂ.2 ಸಾಟಾ, 970 ಇವೊ ಎನ್‌ವಿಎಂಇ. ಹೆಸರು ಅಣ್ಣತಮ್ಮಂದಿರ ತರ ಇದ್ರೂ ಒಂದರ ಬದಲು ಇನ್ನೊಂದು ಆಗಲ್ಲ.

ಸ್ಲಾಟ್ ಏನು ಕೇಳುತ್ತೆ ಅನ್ನೋದನ್ನ ತಯಾರಕರ ಸರ್ವೀಸ್ ಮ್ಯಾನುಯಲ್‌ನಲ್ಲಿ ನೋಡಿ. ಲ್ಯಾಪ್‌ಟಾಪ್ ತಳದಲ್ಲಿರೋ ಪೂರ್ತಿ ಮಾಡೆಲ್ ನಂಬರ್ ಹಾಕಿ ಹುಡುಕಿ, ಬರೀ ಸರಣಿಯ ಹೆಸರಲ್ಲ, ಯಾಕಂದ್ರೆ ಒಂದೇ ಸರಣಿಯಲ್ಲಿ ಒಂದು ವರ್ಷದ್ದು ಸಾಟಾ ಇನ್ನೊಂದು ವರ್ಷದ್ದು ಎನ್‌ವಿಎಂಇ ಇರೋದು ಮಾಮೂಲು. ಎರಡು ಸ್ಲಾಟ್ ಇರೋ ಮಷಿನ್‌ಗಳಲ್ಲಿ ಒಂದು ಸ್ಲಾಟ್ ಎರಡನ್ನೂ ಒಪ್ಪಿ, ಇನ್ನೊಂದು ಒಂದನ್ನ ಮಾತ್ರ ಒಪ್ಪೋದೂ ಉಂಟು. ಇನ್ನೂ ಒಂದು ವಿಷಯ, ಒಳಗೆ ಕಾಣೋ ಎಂ.2 ಸ್ಲಾಟ್ ಎಲ್ಲಾ ಸ್ಟೋರೇಜ್‌ಗೆ ಅಲ್ಲ. ವೈಫೈ ಕಾರ್ಡ್‌ದು ಬೇರೆ, ಸಿಮ್ ಹಾಕೋ ಮೊಬೈಲ್ ಡೇಟಾ ಕಾರ್ಡ್‌ದು ಬೇರೆ. ಕಚ್ಚಿನ ಜಾಗ ಬೇರೆ ಇರೋದ್ರಿಂದ ಎಸ್‌ಎಸ್‌ಡಿ ಸಲೀಸಾಗಿ ಹೋಗ್ತಿಲ್ಲ ಅಂದ್ರೆ ಒತ್ತಡ ಹಾಕ್ಬೇಡಿ, ಅದು ಅದರ ಜಾಗ ಅಲ್ಲ.

ಜನರೇಷನ್ ಬಗ್ಗೆ ಹೆದರಿಕೆ ಬೇಡ. ಪಿಸಿಐಇ 4ನೇ ಜನರೇಷನ್ ಡ್ರೈವ್ 3ನೇ ಜನರೇಷನ್ ಸ್ಲಾಟ್‌ನಲ್ಲಿ ಓಡುತ್ತೆ, ವೇಗ ಇಳಿಯುತ್ತೆ ಅಷ್ಟೇ. ತುಂಬಾ ಹಳೆ ಬಯಾಸ್ ಇರೋ ಮಷಿನ್‌ಗಳಲ್ಲಿ ಎನ್‌ವಿಎಂಇ ಡ್ರೈವ್ ವಿಂಡೋಸ್ ಒಳಗೆ ಕಂಡ್ರೂ ಅದರಿಂದ ಬೂಟ್ ಆಗದೆ ಇರೋದು ಬೇರೆ ಕಥೆ, ವಿಂಡೋಸ್ 7ರಲ್ಲಂತೂ ಎನ್‌ವಿಎಂಇ ಡ್ರೈವರ್ ಮೊದಲಿಂದಲೇ ಸೇರಿ ಬರಲ್ಲ.

ಹೊಂದುತ್ತೆ ಅಂತ ಖಚಿತ ಆಯ್ತು, ಈಗ ಬಿಚ್ಚಿ ನೋಡಿ

ಚಾರ್ಜರ್ ತೆಗೀರಿ. ಲ್ಯಾಪ್‌ಟಾಪ್ ಪೂರ್ತಿ ಆಫ್ ಆಗಿರ್ಲಿ, ಸ್ಲೀಪ್‌ನಲ್ಲಲ್ಲ. ಮುಚ್ಚಳ ಬಿಚ್ಚಿದ ಮೇಲೆ ಮೊದಲ ಕೆಲಸ ಬ್ಯಾಟರಿ ಕನೆಕ್ಟರ್ ಬಿಡಿಸೋದು, ಆಮೇಲೆ ಪವರ್ ಬಟನ್ ಹದಿನೈದಿಪ್ಪತ್ತು ಸೆಕೆಂಡ್ ಒತ್ತಿ ಹಿಡಿದು ಉಳಿದಿರೋ ಕರೆಂಟ್ ಹೊರಗೆ ಹಾಕಿ. ಥಿಂಕ್‌ಪ್ಯಾಡ್‌ಗಳಲ್ಲಿ ಬಯಾಸ್ ಒಳಗೇ ಒಳಬ್ಯಾಟರಿ ಆಫ್ ಮಾಡೋ ಆಯ್ಕೆ ಇದೆ, ಅದು ಇನ್ನೂ ಒಳ್ಳೇದು. ಮೈಯಲ್ಲಿರೋ ಸ್ಟ್ಯಾಟಿಕ್ ಹೋಗ್ಲಿ ಅಂತ ಯಾವುದಾದ್ರೂ ಲೋಹದ ವಸ್ತು ಮುಟ್ಟಿ ಆಮೇಲೆ ಡ್ರೈವ್ ಹಿಡೀರಿ, ಅಂಚಲ್ಲಿ ಹಿಡೀರಿ, ಚಿಪ್ ಮೇಲೆ ಬೆರಳಿಡ್ಬೇಡಿ.

ಎಂ.2 ಡ್ರೈವ್ ಪೂರ್ತಿ ಹೊರಗೆ ತೆಗೆದು ಮತ್ತೆ ಹಾಕಿ. ಸುಮಾರು 30 ಡಿಗ್ರಿ ಓರೆಯಾಗಿ ಸ್ಲಾಟ್‌ಗೆ ತೂರಿಸಿ, ಒಳಗೆ ತನಕ ತಳ್ಳಿ. ಪಿನ್‌ಗಳ ಹೊಳಪು ಹೊರಗಡೆ ಎದ್ದು ಕಾಣ್ತಿದ್ರೆ ಇನ್ನೂ ಒಳಗೆ ಹೋಗಿಲ್ಲ ಅಂತ. ಎರಡೂ ಕಡೆ ಸಮನಾಗಿ ಹೋಗಿದ್ಯಾ ನೋಡಿ, ಒಂದು ಮಗ್ಗುಲು ಮುಂದೆ ಇನ್ನೊಂದು ಮಗ್ಗುಲು ಹಿಂದೆ ಅಂತಾಗಿದ್ರೆ ಅದೇ ಸಾಕು ಕಾಣಿಸ್ದೆ ಇರೋಕೆ. ಆಮೇಲೆ ಕೆಳಗೆ ಒತ್ತಿ ಸ್ಕ್ರೂ ಹಾಕಿ, ಮಟ್ಟಸವಾಗಿ ಕೂರೋಷ್ಟು ಬಿಗಿ ಮಾಡಿದ್ರೆ ಸಾಕು. ಸ್ಕ್ರೂ ಇಲ್ದೆ ಹಾಗೇ ಬಿಟ್ರೆ ಆ ಡ್ರೈವ್ ಸ್ಪ್ರಿಂಗ್ ತರ ಮೇಲೇಳುತ್ತೆ, ಇವತ್ತು ಕಾಣುತ್ತೆ, ನಾಳೆ ಲ್ಯಾಪ್‌ಟಾಪ್ ಎತ್ತಿಟ್ಟಾಗ ಮಾಯ ಆಗುತ್ತೆ.

ಉದ್ದ ಕೂಡ ನೋಡಿ. ಡ್ರೈವ್ ಮೇಲಿನ 2280 ಅನ್ನೋ ಸಂಖ್ಯೆಯಲ್ಲಿ 22 ಅಗಲ, 80 ಉದ್ದ, ಎರಡೂ ಮಿಲಿಮೀಟರ್‌ನಲ್ಲಿ. 2242, 2230 ಗಿಡ್ಡದ್ದು. ಗಿಡ್ಡ ಡ್ರೈವ್ ಹಾಕಿ ಸ್ಕ್ರೂ ಕೂರೋ ಜಾಗ ದೂರದಲ್ಲೇ ಇದ್ರೆ ಅದಕ್ಕೆ ಬ್ರಾಕೆಟ್ ಬೇಕು, ಟೇಪ್ ಹಚ್ಚಿ ಕೂರಿಸೋದು ಬೇಡ, ಬಿಸಿಗೆ ಅಂಟು ಬಿಡುತ್ತೆ. ಎರಡೂ ಬದಿ ಚಿಪ್ ಇರೋ ಡ್ರೈವ್ ಅಥವಾ ದಪ್ಪ ಹೀಟ್‌ಸಿಂಕ್ ಇರೋದಾದ್ರೆ ತೆಳು ಲ್ಯಾಪ್‌ಟಾಪ್‌ನಲ್ಲಿ ಅಡಿ ಭಾಗ ತಾಗಿ ಡ್ರೈವ್ ಬಾಗುತ್ತೆ, ಮುಚ್ಚಳ ಹಾಕಿದಾಗ ಪಿನ್ ಸಡಿಲ ಆಗುತ್ತೆ. ಮುಚ್ಚಳ ಇಲ್ದಾಗ ಕಂಡು, ಹಾಕಿದ್ಮೇಲೆ ಕಾಣಿಸಲ್ಲ ಅಂದ್ರೆ ಇದನ್ನೇ ಅನುಮಾನಿಸಿ. ಸ್ಲಾಟ್ ಒಳಗೆ ಧೂಳಿದ್ರೆ ಊದೋ ಬಲ್ಬ್‌ನಿಂದ ಹೊಡೀರಿ, ಬಾಯಲ್ಲಿ ಊದಬೇಡಿ, ಎಂಜಲಿನ ತೇವ ಪಿನ್ ಮೇಲೆ ಕೂರುತ್ತೆ.

2.5 ಇಂಚಿನ ಡ್ರೈವ್ ಆದ್ರೆ ಸಮಸ್ಯೆ ಸಾಮಾನ್ಯವಾಗಿ ಕೇಬಲ್‌ದು. ಹಾರ್ಡ್‌ಡಿಸ್ಕ್ ಬೇಯಿಂದ ಮದರ್‌ಬೋರ್ಡ್‌ಗೆ ಹೋಗೋ ತೆಳ್ಳನೆ ರಿಬ್ಬನ್ ಕೇಬಲ್ ಬಿಚ್ಚುವಾಗ ಒಂಚೂರು ಜಗ್ಗಿದ್ರೂ ಸಡಿಲ ಆಗುತ್ತೆ. ಅದರ ಕನೆಕ್ಟರ್‌ಗೆ ಸಣ್ಣ ಲಾಕ್ ಇರುತ್ತೆ, ಆ ಲಾಕ್ ಎತ್ತಿ, ಕೇಬಲ್ ನೇರವಾಗಿ ಒಳಗೆ ಹಾಕಿ, ಲಾಕ್ ಇಳಿಸ್ಬೇಕು. ಹಾಗೇ ದಪ್ಪ ಕೂಡ: ಹಳೆ ಹಾರ್ಡ್‌ಡಿಸ್ಕ್ 9.5 ಮಿಲಿಮೀಟರ್ ಇದ್ದು ಎಸ್‌ಎಸ್‌ಡಿ 7 ಇದ್ರೆ ಅಲ್ಲಾಡುತ್ತೆ, ಜೊತೆಗೆ ಬರೋ ಪ್ಲಾಸ್ಟಿಕ್ ಚೌಕಟ್ಟು ಅದಕ್ಕೇ ಇರೋದು. ಸಿಡಿ ಡ್ರೈವ್ ಜಾಗದಲ್ಲಿ ಕ್ಯಾಡಿ (ಡ್ರೈವ್ ಕೂರಿಸೋ ತಟ್ಟೆ) ಹಾಕಿ ಎಸ್‌ಎಸ್‌ಡಿ ಇಟ್ಟಿದ್ರೆ, ಎಸ್‌ಎಸ್‌ಡಿಯನ್ನ ಮುಖ್ಯ ಬೇಗೆ ತಂದು ಒಂದ್ಸಲ ನೋಡಿ. ಅಲ್ಲಿ ಕಂಡ್ರೆ ತಪ್ಪು ಕ್ಯಾಡಿದು.

ಡ್ರೈವ್ ತಪ್ಪೋ ಲ್ಯಾಪ್‌ಟಾಪ್ ತಪ್ಪೋ? ಅದಲು ಬದಲು ಮಾಡಿ ನೋಡಿ

ನನ್ನ ಪ್ರಕಾರ ಇಡೀ ಕೆಲಸದಲ್ಲಿ ಅತಿ ಹೆಚ್ಚು ಬೆಲೆ ಇರೋ ಪರೀಕ್ಷೆ ಇದು, ಆದ್ರೆ ಇದನ್ನ ಮಾಡೋರು ಕಮ್ಮಿ. ಹಳೆ ಡ್ರೈವನ್ನ ಅದೇ ಸ್ಲಾಟ್‌ಗೆ ವಾಪಸ್ ಹಾಕಿ. ಕಂಡ್ರೆ ಸ್ಲಾಟ್ ಜೀವಂತ ಇದೆ. ಅದೂ ಕಾಣಿಸ್ತಿಲ್ಲ ಅಂದ್ರೆ ಸ್ಲಾಟ್, ಕೇಬಲ್ ಅಥವಾ ಬಯಾಸ್ ಸೆಟ್ಟಿಂಗ್ ಕಡೆ ಬೆರಳು ತೋರಿಸುತ್ತೆ. ಆಮೇಲೆ ಹೊಸ ಡ್ರೈವನ್ನ ಇನ್ನೊಂದು ಕಂಪ್ಯೂಟರ್‌ಗೆ ಹಾಕಿ ನೋಡಿ, ಇಲ್ಲಾಂದ್ರೆ ಯುಎಸ್‌ಬಿ ಎನ್‌ಕ್ಲೋಷರ್‌ನಲ್ಲಿಟ್ಟು (ಡ್ರೈವನ್ನ ಯುಎಸ್‌ಬಿಗೆ ಜೋಡಿಸೋ ಡಬ್ಬಿ) ನೋಡಿ. ಎನ್‌ಕ್ಲೋಷರ್‌ಗೂ ಅದೇ ಸಾಟಾ, ಎನ್‌ವಿಎಂಇ ಕಥೆ ಇದೆ, ಬರೀ ಸಾಟಾಕ್ಕೆ ಇರೋದ್ರಲ್ಲಿ ಎನ್‌ವಿಎಂಇ ಹಾಕಿ ಡ್ರೈವ್ ಸತ್ತಿದೆ ಅಂತ ತೀರ್ಪು ಕೊಡ್ಬೇಡಿ. ರಿಯಲ್‌ಟೆಕ್‌ನ ಆರ್‌ಟಿಎಲ್9210ಬಿ ಚಿಪ್ ಇರೋ ತರದ ಎರಡನ್ನೂ ಓದೋ ಎನ್‌ಕ್ಲೋಷರ್‌ಗಳು ಸಿಗುತ್ವೆ, ಅದು ಒಂದಿದ್ರೆ ಈ ಗೊಂದಲವೇ ಇಲ್ಲ.

ಎನ್‌ಕ್ಲೋಷರ್‌ನಲ್ಲಿ ಡ್ರೈವ್ ಚೆನ್ನಾಗಿ ಕಂಡು, ಬರೆಯೋದು ಓದೋದು ಆಗಿ, ಲ್ಯಾಪ್‌ಟಾಪ್ ಸ್ಲಾಟ್‌ನಲ್ಲಿ ಮಾತ್ರ ಕಾಣಿಸ್ತಿಲ್ಲ ಅಂದ್ರೆ ಡ್ರೈವ್ ವಾಪಸ್ ಮಾಡಿ ಪ್ರಯೋಜನ ಇಲ್ಲ, ಅದೇ ಮಾಡೆಲ್ ಇನ್ನೊಂದು ಬಂದ್ರೂ ಇದೇ ಹಾಡು. ಹೊಂದಾಣಿಕೆ, ಬಯಾಸ್, ಸ್ಲಾಟ್ ಇವೇ ಉಳಿದಿರೋದು. ಎರಡು ಬೇರೆ ಮಷಿನ್‌ನಲ್ಲೂ ಕಾಣಿಸ್ತಿಲ್ಲ ಅಂದ್ರೆ ಮಾತ್ರ ಡ್ರೈವ್ ಕೆಟ್ಟಿದೆ ಅಂತ ಧೈರ್ಯವಾಗಿ ಹೇಳ್ಬಹುದು.

ಬಯಾಸ್ ಒಳಗಿನ ಸೆಟ್ಟಿಂಗ್‌ಗಳು, ಮತ್ತೆ ಅಪ್‌ಡೇಟ್

ಕೆಲವು ಮಷಿನ್‌ಗಳಲ್ಲಿ ಒಂದೊಂದು ಸ್ಲಾಟ್ ಆನ್ ಆಫ್ ಮಾಡೋ ಆಯ್ಕೆ ಇರುತ್ತೆ. ಡೆಲ್‌ನ ಸ್ಟೋರೇಜ್ ಪುಟದಲ್ಲಿ ಡ್ರೈವ್‌ಗಳ ಮುಂದೆ ಟಿಕ್ ಗುರುತು ಇರೋದು ಇದಕ್ಕೇ. ಅಲ್ಲಿ ಹೊಸ ಸ್ಲಾಟ್ ಆಫ್ ಆಗಿದ್ರೆ ಆನ್ ಮಾಡಿ. ಬಯಾಸ್ ಅಪ್‌ಡೇಟ್‌ನಿಂದಲೂ ಹೊಸ ಡ್ರೈವ್‌ಗಳ ಗುರುತಿಸುವಿಕೆ ಸರಿಹೋಗೋದುಂಟು. ಅಪ್‌ಡೇಟ್ ಮಾಡುವಾಗ ಚಾರ್ಜರ್ ಹಾಕಿರ್ಲಿ, ಬ್ಯಾಟರಿ ಅರ್ಧಕ್ಕಿಂತ ಮೇಲಿರ್ಲಿ, ಫೈಲ್ ತಯಾರಕರ ಸೈಟ್‌ನಿಂದ ನಿಮ್ಮ ಪೂರ್ತಿ ಮಾಡೆಲ್‌ದೇ ತಗೊಳ್ಳಿ, ಮಧ್ಯದಲ್ಲಿ ಆಫ್ ಮಾಡ್ಬೇಡಿ.

ಇದೆಲ್ಲಕ್ಕೂ ಮುಂಚೆ ಬಿಟ್‌ಲಾಕರ್ (ಡ್ರೈವ್‌ನ ಡೇಟಾಗೆ ಬೀಗ ಹಾಕೋ ವಿಂಡೋಸ್ ಸೌಲಭ್ಯ) ರಿಕವರಿ ಕೀ ನಿಮ್ಮ ಕೈಯಲ್ಲಿರ್ಬೇಕು. ಇದನ್ನ ಒತ್ತಿ ಹೇಳ್ತಿದೀನಿ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ನಿಮಗೆ ಗೊತ್ತಿಲ್ದೇನೇ ಡ್ರೈವ್ ಎನ್‌ಕ್ರಿಪ್ಟ್ ಆಗಿರುತ್ತೆ, ಬಯಾಸ್‌ನಲ್ಲಿ ಏನೋ ಬದಲಾಯಿಸಿ ಬೂಟ್ ಮಾಡಿದ್ರೆ 48 ಅಂಕಿಯ ಕೀ ಕೇಳುತ್ತೆ. ಮೈಕ್ರೋಸಾಫ್ಟ್ ಅಕೌಂಟ್‌ನಿಂದ ಲಾಗಿನ್ ಆಗಿದ್ರೆ ಸಾಮಾನ್ಯವಾಗಿ ಆ ಕೀ ಅದೇ ಅಕೌಂಟ್‌ನಲ್ಲಿ ಉಳಿದಿರುತ್ತೆ, ಮೊದಲೇ ತೆಗೆದು ಬರೆದಿಟ್ಕೊಳ್ಳಿ. ಲೋಡ್ ಡಿಫಾಲ್ಟ್ಸ್ ಕೂಡ ಸುಮ್ನೆ ಒತ್ತಬೇಡಿ, ಅದು ಸ್ಟೋರೇಜ್ ಮೋಡ್ ಬದಲಾಯಿಸಿ ಇದ್ದ ವಿಂಡೋಸ್ ಬೂಟ್ ಆಗದಂಗೆ ಮಾಡ್ಬಹುದು.

ಬಯಾಸ್‌ನಲ್ಲಿದೆ, ವಿಂಡೋಸ್ ಇನ್‌ಸ್ಟಾಲರ್‌ನಲ್ಲಿಲ್ಲ

ಪೆನ್‌ಡ್ರೈವ್‌ನಿಂದ ವಿಂಡೋಸ್ ಹಾಕೋಕೆ ಹೋದ್ರೆ ಡ್ರೈವ್ ಪಟ್ಟಿ ಖಾಲಿ. ಇಂಟೆಲ್ 11ನೇ ಜನರೇಷನ್, ಅಂದ್ರೆ 2020ರ ಕೊನೆಯಿಂದ ಬಂದ ಲ್ಯಾಪ್‌ಟಾಪ್‌ಗಳಲ್ಲಿ ಇದಕ್ಕೆ ಮೊದಲ ಅನುಮಾನ ವಿಎಂಡಿ ಮೇಲೆ. ಎನ್‌ವಿಎಂಇ ಡ್ರೈವ್‌ಗೂ ಆಪರೇಟಿಂಗ್ ಸಿಸ್ಟಂಗೂ ಮಧ್ಯೆ ಇಂಟೆಲ್‌ನ ಈ ವಿಎಂಡಿ ಕಂಟ್ರೋಲರ್ ಕೂತಿರುತ್ತೆ, ಅದರ ಡ್ರೈವರ್ ಇಲ್ದೆ ಇನ್‌ಸ್ಟಾಲರ್‌ಗೆ ಹಿಂದಿರೋ ಡ್ರೈವ್ ಕಾಣಲ್ಲ. ಡ್ರೈವ್ ಸರಿ, ಸ್ಲಾಟ್ ಸರಿ, ಪೆನ್‌ಡ್ರೈವ್ ಸರಿ, ಆದ್ರೂ ಪಟ್ಟಿ ಖಾಲಿ. ಇದಕ್ಕೆ ಎರಡು ದಾರಿ.

ಮೊದಲನೇದು, ಡ್ರೈವರ್ ಕೊಡೋದು. ಬೇರೆ ಕಂಪ್ಯೂಟರ್‌ನಲ್ಲಿ ನಿಮ್ಮ ಲ್ಯಾಪ್‌ಟಾಪ್ ತಯಾರಕರ ಸಪೋರ್ಟ್ ಪುಟಕ್ಕೆ ಹೋಗಿ ಇಂಟೆಲ್ ರ‍್ಯಾಪಿಡ್ ಸ್ಟೋರೇಜ್ ಟೆಕ್ನಾಲಜಿ ಡ್ರೈವರ್ ಇಳಿಸಿ. ಅದು ಇನ್‌ಸ್ಟಾಲ್ ಆಗೋ ಒಂದೇ ಫೈಲ್ ರೂಪದಲ್ಲಿದ್ರೆ ಹಾಗೇ ಪೆನ್‌ಡ್ರೈವ್‌ಗೆ ಹಾಕಿದ್ರೆ ಪ್ರಯೋಜನ ಇಲ್ಲ, ಬಿಡಿಸಿ ಒಳಗಿರೋ ಐಎನ್‌ಎಫ್ ಫೈಲ್‌ಗಳ ಫೋಲ್ಡರ್ ಬೇಕು. ಆ ಫೋಲ್ಡರನ್ನ ಇನ್‌ಸ್ಟಾಲ್ ಪೆನ್‌ಡ್ರೈವ್‌ಗೇ ಕಾಪಿ ಮಾಡಿ. ಡ್ರೈವ್ ಪಟ್ಟಿ ಬರೋ ಪುಟದಲ್ಲಿ ಲೋಡ್ ಡ್ರೈವರ್ ಒತ್ತಿ, ಬ್ರೌಸ್ ಮಾಡಿ, ಫೋಲ್ಡರ್ ತೋರಿಸಿ, ಪಟ್ಟಿಯಲ್ಲಿ ವಿಎಂಡಿ ಅಂತ ಹೆಸರಿರೋದನ್ನ ಆರಿಸಿ. ಕೆಲವೇ ಸೆಕೆಂಡಲ್ಲಿ ಡ್ರೈವ್ ಪ್ರತ್ಯಕ್ಷ ಆಗುತ್ತೆ. ನನ್ನ ಕೇಳಿದ್ರೆ ಇದೇ ಒಳ್ಳೆ ದಾರಿ, ಬಯಾಸ್ ಮುಟ್ಟೋ ಅಗತ್ಯಾನೇ ಇಲ್ಲ.

ಎರಡನೇದು, ಬಯಾಸ್‌ನಲ್ಲಿ ವಿಎಂಡಿ ಆಫ್ ಮಾಡೋದು. ಆಸುಸ್‌ನಲ್ಲಿ ಎಫ್7 ಒತ್ತಿ ಅಡ್ವಾನ್ಸ್ಡ್ ಮೋಡ್‌ಗೆ ಹೋದ್ರೆ ವಿಎಂಡಿ ಸೆಟಪ್ ಸಿಗುತ್ತೆ. ಡೆಲ್‌ನಲ್ಲಿ ಸ್ಟೋರೇಜ್ ಪುಟದಲ್ಲಿ ರೇಡ್ ಆನ್ ಬದಲು ಎಎಚ್‌ಸಿಐ, ಎನ್‌ವಿಎಂಇ ಅನ್ನೋದು. ಏಸರ್‌ನ ಕೆಲವು ಮಾಡೆಲ್‌ಗಳಲ್ಲಿ ಈ ಆಯ್ಕೆ ಅಡಗಿರುತ್ತೆ, ಮೇನ್ ಟ್ಯಾಬ್‌ನಲ್ಲಿ ಕಂಟ್ರೋಲ್ ಮತ್ತು ಎಸ್ ಒಟ್ಟಿಗೆ ಒತ್ತಿದ್ರೆ ಹೊರಗೆ ಬರುತ್ತೆ. ಎಷ್ಟೋ ಮಾಡೆಲ್‌ಗಳಲ್ಲಿ ಆಯ್ಕೆಯೇ ಇರಲ್ಲ, ಅಲ್ಲಿ ಡ್ರೈವರ್ ದಾರಿನೇ ಗತಿ.

ಆದ್ರೆ ಗಮನ ಇರ್ಲಿ, ವಿಎಂಡಿ ಆನ್ ಇದ್ದಾಗ ಹಾಕಿದ ವಿಂಡೋಸ್ ಈಗಾಗ್ಲೇ ಒಂದು ಡ್ರೈವ್‌ನಲ್ಲಿದ್ರೆ, ವಿಎಂಡಿ ಆಫ್ ಮಾಡಿದ ಕೂಡ್ಲೇ ಅದು ಇನ್‌ಆಕ್ಸೆಸಬಲ್ ಬೂಟ್ ಡಿವೈಸ್ ಅಂತ ನೀಲಿ ಸ್ಕ್ರೀನ್ ಕೊಡುತ್ತೆ. ಗಾಬರಿ ಬೇಡ, ವಾಪಸ್ ಆನ್ ಮಾಡಿದ್ರೆ ಮೊದಲಿನಂಗೇ ಬೂಟ್ ಆಗುತ್ತೆ. ಬದಲಾಯಿಸ್ಲೇಬೇಕು ಅಂದ್ರೆ ಮೊದಲು ವಿಂಡೋಸ್‌ನಲ್ಲಿ ಎಂಎಸ್‌ಕಾನ್ಫಿಗ್ ತೆಗೆದು ಬೂಟ್ ಟ್ಯಾಬ್‌ನಲ್ಲಿ ಸೇಫ್ ಬೂಟ್ ಟಿಕ್ ಮಾಡಿ, ರೀಸ್ಟಾರ್ಟ್ ಆಗುವಾಗ್ಲೇ ಬಯಾಸ್‌ಗೆ ಹೋಗಿ ಬದಲಾಯಿಸಿ, ಸೇಫ್ ಮೋಡ್‌ನಲ್ಲಿ ಒಂದು ಸಲ ಬೂಟ್ ಆಗೋಕೆ ಬಿಡಿ, ಆಮೇಲೆ ಆ ಟಿಕ್ ತೆಗೆದು ಮಾಮೂಲಾಗಿ ರೀಸ್ಟಾರ್ಟ್ ಮಾಡಿ. ಸೇಫ್ ಮೋಡ್‌ನಲ್ಲಿ ಲಾಗಿನ್ ಪಿನ್ ನಂಬರ್ ಕೆಲಸ ಮಾಡ್ದೆ ಇರ್ಬಹುದು, ಅಕೌಂಟ್ ಪಾಸ್‌ವರ್ಡ್ ನೆನಪಿಟ್ಕೊಂಡಿರಿ.

ಎಎಂಡಿ ಲ್ಯಾಪ್‌ಟಾಪ್‌ಗಳಲ್ಲಿ ವಿಎಂಡಿ ಇಲ್ಲ, ರೇಡ್ ಮೋಡ್ (ಹಲವು ಡ್ರೈವ್ ಒಟ್ಟಿಗೆ ಸೇರಿಸಿ ಬಳಸೋಕಿರೋದು) ಆನ್ ಇದ್ರೆ ಮಾತ್ರ ಇದೇ ತರ ಡ್ರೈವರ್ ಬೇಕಾಗುತ್ತೆ.

ಇನ್‌ಸ್ಟಾಲರ್‌ಗೆ ಕಾಣುತ್ತೆ, ಆದ್ರೆ ಬೇಡ ಅನ್ನುತ್ತೆ

ಡಿಸ್ಕ್ ಪಟ್ಟಿಯಲ್ಲಿದೆ, ಆರಿಸಿದ್ರೆ ಇದರ ಮೇಲೆ ವಿಂಡೋಸ್ ಹಾಕೋಕಾಗಲ್ಲ, ಎಂಬಿಆರ್ ಪಾರ್ಟಿಷನ್ ಟೇಬಲ್ ಇದೆ ಅನ್ನುತ್ತೆ. ಡಿಸ್ಕ್ ಖಾಲಿ ಅನ್ನೋದು ಖಾತ್ರಿ ಇದ್ರೆ ಅಲ್ಲೇ ಶಿಫ್ಟ್ ಮತ್ತು ಎಫ್10 ಒತ್ತಿ, ಕಪ್ಪು ಕಿಟಕಿ ಬರುತ್ತೆ. ಇಂಗ್ಲಿಷ್ ಅಕ್ಷರದಲ್ಲಿ ಒಂದೊಂದೇ ಸಾಲು ಟೈಪ್ ಮಾಡಿ ಎಂಟರ್ ಕೊಡಿ:

1. ಡಿಸ್ಕ್‌ಪಾರ್ಟ್ (ಒಂದೇ ಪದ, ನಡುವೆ ಜಾಗ ಇಲ್ಲ)
2. ಲಿಸ್ಟ್ ಡಿಸ್ಕ್
3. ಸೆಲೆಕ್ಟ್ ಡಿಸ್ಕ್, ಪಕ್ಕದಲ್ಲಿ ಹೊಸ ಡ್ರೈವ್‌ನ ಸಂಖ್ಯೆ
4. ಕ್ಲೀನ್
5. ಕನ್ವರ್ಟ್ ಜಿಪಿಟಿ

ಮೂರನೇ ಸಾಲಲ್ಲಿ ಉಸಿರು ಬಿಗಿ ಹಿಡಿದು ಎರಡು ಸಲ ನೋಡಿ. ಸೈಜ್ ನೋಡಿ ಯಾವುದು ಹೊಸದು ಅಂತ ಗುರುತು ಹಿಡೀರಿ. ಕ್ಲೀನ್ ಕೊಟ್ರೆ ಅದು ನಿಜವಾಗ್ಲೂ ಮಾಡ್ಲಾ ಅಂತ ಇನ್ನೊಂದ್ಸಲ ಕೇಳಲ್ಲ, ತಕ್ಷಣ ಅಳಿಸುತ್ತೆ. ಎರಡು ಡ್ರೈವ್ ಒಂದೇ ಸೈಜ್ ಇದ್ರೆ ಹಳೇದನ್ನ ಬಿಚ್ಚಿಟ್ಟು ಈ ಕೆಲಸ ಮಾಡಿ. ಮುಗಿದ್ಮೇಲೆ ಕಿಟಕಿ ಮುಚ್ಚಿ ಪಟ್ಟಿ ರಿಫ್ರೆಶ್ ಮಾಡಿ, ಅನ್‌ಅಲೊಕೇಟೆಡ್ ಜಾಗ ಆರಿಸಿ ಮುಂದುವರಿಸಿ, ಬೇಕಾದ ಪಾರ್ಟಿಷನ್ ಅದೇ ಮಾಡ್ಕೊಳ್ಳುತ್ತೆ.

ಕ್ಲೋನ್ ಮಾಡಿದ್ದೀನಿ, ಬೂಟ್ ಆಗ್ತಿಲ್ಲ

ಕ್ಲೋನ್ ಮುಗಿದ ಮೇಲೆ ಹಳೆ ಡ್ರೈವ್ ಹೊರಗೆ ತೆಗೆದು, ಹೊಸದೊಂದರಿಂದಲೇ ಮೊದಲ ಸಲ ಬೂಟ್ ಮಾಡಿ. ಬಯಾಸ್‌ನಲ್ಲಿ ವಿಂಡೋಸ್ ಬೂಟ್ ಮ್ಯಾನೇಜರ್ ಹೊಸ ಡ್ರೈವ್‌ದು ಮೇಲಿರ್ಲಿ. ಬರೀ ಸಿ ಡ್ರೈವ್ ಮಾತ್ರ ಕಾಪಿ ಮಾಡಿ, ಪಕ್ಕದಲ್ಲಿರೋ, ಬೂಟ್‌ಲೋಡರ್ ಇರೋ ಸಣ್ಣ ಇಎಫ್‌ಐ ಪಾರ್ಟಿಷನ್ ಬಿಟ್ಟಿದ್ರೆ ಬೂಟ್ ಆಗಲ್ಲ, ಪೂರ್ತಿ ಡಿಸ್ಕ್ ಕ್ಲೋನ್ ಮಾಡ್ಬೇಕು. ಹಳೇದು ಲೆಗಸಿ ಮೋಡ್‌ನಲ್ಲಿದ್ದ (ಯುಇಎಫ್‌ಐಗಿಂತ ಹಿಂದಿನ ಪದ್ಧತಿ) ಎಂಬಿಆರ್ ಡಿಸ್ಕ್ ಆಗಿದ್ದು ಹೊಸದು ಎನ್‌ವಿಎಂಇ ಆದ್ರೆ ಕ್ಲೋನ್ ಜೊತೆ ಗುದ್ದಾಡೋದಕ್ಕಿಂತ ಡೇಟಾ ಬೇರೆ ಕಡೆ ಇಟ್ಟು ವಿಂಡೋಸ್ ಹೊಸದಾಗಿ ಹಾಕೋದೇ ವಾಸಿ.

ಕಾಣುತ್ತೆ, ಮಾಯ ಆಗುತ್ತೆ, ಮತ್ತೆ ಕಾಣುತ್ತೆ

ಇದು ಎಲ್ಲಕ್ಕಿಂತ ತಲೆನೋವಿನದ್ದು. ಮೊದಲು ಸ್ಕ್ರೂ ಮತ್ತು ಕೂತಿರೋ ರೀತಿ ನೋಡಿ. ಆಮೇಲೆ ತಯಾರಕರ ಸಾಫ್ಟ್‌ವೇರ್‌ನಿಂದ ಡ್ರೈವ್‌ನ ಫರ್ಮ್‌ವೇರ್ ಅಪ್‌ಡೇಟ್ ಮಾಡಿ. ಪವರ್ ಆಪ್ಷನ್ಸ್‌ನ ಅಡ್ವಾನ್ಸ್ಡ್ ಸೆಟ್ಟಿಂಗ್‌ನಲ್ಲಿ ಪಿಸಿಐ ಎಕ್ಸ್‌ಪ್ರೆಸ್ ಕೆಳಗೆ ಲಿಂಕ್ ಸ್ಟೇಟ್ ಪವರ್ ಮ್ಯಾನೇಜ್‌ಮೆಂಟ್ ಆಫ್ ಮಾಡಿ ಒಂದೆರಡು ದಿನ ಗಮನಿಸಿ. ದೊಡ್ಡ ಫೈಲ್ ಕಾಪಿ ಮಾಡುವಾಗ್ಲೇ ಹೋಗ್ತಿದ್ರೆ ಬಿಸಿ ಅನುಮಾನಿಸಿ, ಥರ್ಮಲ್ ಪ್ಯಾಡ್ ಮೇಲಿನ ಪ್ಲಾಸ್ಟಿಕ್ ಪೊರೆ ತೆಗೆದಿದೀರಾ ನೋಡಿ. ಲಿನಕ್ಸ್ ಲೈವ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ಡಿಸ್ಕ್ಸ್ ಅನ್ನೋ ಟೂಲ್ ತೆಗೆದು ನೋಡೋದೂ ಒಳ್ಳೇದು, ಅಲ್ಲೂ ಮಾಯ ಆಗ್ತಿದ್ರೆ ವಿಂಡೋಸ್ ಮೇಲೆ ತಪ್ಪು ಹೊರಿಸೋ ಹಾಗಿಲ್ಲ.

ವಾಪಸ್ ಕೊಡೋದೇ ಅಂತಾದ್ರೆ

ಎರಡು ಮಷಿನ್‌ನಲ್ಲಿ ಅಥವಾ ಸರಿಯಾದ ಎನ್‌ಕ್ಲೋಷರ್‌ನಲ್ಲಿ ಪರೀಕ್ಷೆ ಮಾಡಿದ್ದನ್ನ ಬರೆದಿಡಿ: ಲ್ಯಾಪ್‌ಟಾಪ್ ಮಾಡೆಲ್, ಬಯಾಸ್ ವರ್ಷನ್, ಹಳೆ ಡ್ರೈವ್ ಅದೇ ಸ್ಲಾಟ್‌ನಲ್ಲಿ ಓಡ್ತು ಅನ್ನೋದು, ಬಯಾಸ್ ಪುಟದ ಫೋಟೊ. ಹೀಗೆ ಕೊಟ್ರೆ ವಾರಂಟಿಯವರು ಮತ್ತೆ ಮೊದಲಿಂದ ಅದನ್ನೇ ಮಾಡಿ ಅನ್ನೋದು ತಪ್ಪುತ್ತೆ. ಡ್ರೈವ್ ಮೇಲಿನ ಲೇಬಲ್ ಕೀಳ್ಬೇಡಿ, ಕಿತ್ರೆ ವಾರಂಟಿ ಹೋಗ್ಬಹುದು. ಡೇಟಾ ಹಾಕಿದ ಮೇಲೆ ಕೆಟ್ಟಿದ್ರೆ ಅದನ್ನ ಅಳಿಸೋಕೆ ನಿಮ್ಮ ಕೈಲಾಗಲ್ಲ, ಹಾಗಾಗಿ ಹೊಸ ಡ್ರೈವ್ ಕಂಡ ದಿನವೇ ಎನ್‌ಕ್ರಿಪ್ಷನ್ ಆನ್ ಮಾಡಿ, ಹಳೆ ಡ್ರೈವನ್ನ ಕೆಲವು ವಾರ ಹಾಗೇ ಫಾರ್ಮ್ಯಾಟ್ ಮಾಡ್ದೆ ಎತ್ತಿಡಿ.